ಹೆಸರಿನ ತುದಿಯ ಓ

ಮೊದಲ ದಿನ ಹಾಜರಿ ಕೂಗುವಾಗ ಮೇಡಂ ನನ್ನ ಹೆಸರನ್ನು ತಪ್ಪಾಗಿ ಹೇಳಿದರು ಅಂದುಕೊಂಡೆ. ನನ್ನ ಹೆಸರು ಮುಗಿಯುವುದು ಆಕಾರದಲ್ಲಿ. ಅವರು ಅದನ್ನು ಓ ಎಂದು ಮುಗಿಸಿ ಕರೆದರು. ಪಟ್ಟಿಯಲ್ಲೇ ತಪ್ಪಾಗಿ ಅಚ್ಚಾಗಿದೆಯೇನೋ ಎಂದು ಬಿಡುವಿನಲ್ಲಿ ಹೋಗಿ ನೋಡಿದರೆ ಅಲ್ಲಿ ಸರಿಯಾಗಿಯೇ ಇತ್ತು. ಮೂರನೇ ದಿನದ ಪಾಠದಲ್ಲಿ ವಿಷಯ ತಿಳಿಯಿತು. ಜೆಕ್ ಭಾಷೆಯಲ್ಲಿ ಯಾರನ್ನಾದರೂ ಕರೆಯುವಾಗ ಹೆಸರಿನ ರೂಪವೇ ಬದಲಾಗುತ್ತದೆ. 'ಅನ್ನ' ಎಂಬವಳನ್ನು 'ಅನ್ನೊ' ಎಂದು ಕರೆಯಬೇಕು. ಅಮ್ಮ 'ಮಾಮ', ಕರೆದರೆ 'ಮಾಮೊ'. ಅಪ್ಪನಿಗೆ ಅವರು ಹೇಳುವುದು 'ತಾತ', ಕರೆದರೆ 'ತಾತೊ'.

ನಮ್ಮ ಕಡೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಳಗಿನಿಂದ 'ಓ' ಅನ್ನುತ್ತೇವೆ. ಓಗೊಡುವುದು ಎಂಬ ಮಾತು ಹುಟ್ಟಿದ್ದೇ ಅದರಿಂದ. ಇಲ್ಲಿ ನೋಡಿದರೆ ಕರೆಯುವವರ ಬಾಯಲ್ಲೇ, ನನ್ನ ಹೆಸರಿನ ತುದಿಗೇ, ಆ ಓ ಬಂದು ಕೂತಿತ್ತು. ನಾಲ್ಕು ವಾರವೂ ಅವರು ಹಾಗೆ ಕರೆದಾಗಲೆಲ್ಲ ನನಗೆ ಮೈಸೂರಿನ ನಮ್ಮ ಮನೆಯ ಹಿತ್ತಿಲು ನೆನಪಾಗುತ್ತಿತ್ತು.

ಊರು ಒಲೊಮೌಟ್ಸ್. ಜೆಕ್ ಗಣರಾಜ್ಯದ ಪೂರ್ವಭಾಗವಾದ ಮೊರಾವಿಯಾದಲ್ಲಿದೆ. ಅಲ್ಲಿನ ಪಲಾಟ್ಸ್ಕಿ ವಿಶ್ವವಿದ್ಯಾಲಯದವರು ಬೇಸಿಗೆಯಲ್ಲಿ ಹೊರದೇಶದವರಿಗಾಗಿ ಸ್ಲಾವಿಕ್ ಅಧ್ಯಯನಗಳ ಶಾಲೆ ನಡೆಸುತ್ತಾರೆ. ಬೆಳಗ್ಗೆ ಭಾಷೆ, ಮಧ್ಯಾಹ್ನ ಇತಿಹಾಸ, ಸಾಹಿತ್ಯ, ಸಂಗೀತ, ವಾರದ ಕೊನೆಗೆ ಸುತ್ತಾಟ. ಪ್ರಾಗ್, ಬ್ರ್ನೋ ನಗರಗಳಲ್ಲೂ ಇಂಥ ಶಾಲೆಗಳಿವೆ. ನಾನು ಒಲೊಮೌಟ್ಸ್ ಆರಿಸಿಕೊಂಡದ್ದು ಪ್ರವಾಸಿಗರ ಗದ್ದಲ ಕಡಿಮೆ, ಅಂಗಡಿಯಲ್ಲಿ ಇಂಗ್ಲಿಷ್ ಕೇಳಿಸುವುದೂ ಕಡಿಮೆ ಎಂಬ ಕಾರಣಕ್ಕೆ. ವೀಸಾ, ಕಾಗದಪತ್ರ, ರಜೆ ಮಂಜೂರಾತಿ ಇವೆಲ್ಲ ಎಲ್ಲರಿಗೂ ಇದ್ದದ್ದೇ.

ಜೆಕ್ ಯಾಕೆ ಎಂದು ಊರಲ್ಲಿ ಕೇಳದವರಿಲ್ಲ. ಜರ್ಮನ್ ಕಲಿತರೆ ಕೆಲಸವಾದರೂ ಸಿಗುತ್ತೆ ಅಂದರು. ನನ್ನ ಉತ್ತರ ಅಪ್ಪನ ಗ್ಯಾರೇಜಿನಲ್ಲಿತ್ತು. ಅಪ್ಪ ನಲವತ್ತು ವರ್ಷ ಮೈಸೂರಿನಲ್ಲಿ ಜಾವಾ, ಯೆಜ್ಡಿ ಗಾಡಿಗಳನ್ನು ರಿಪೇರಿ ಮಾಡಿದವರು. ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಕಟ್ಟಿದ ಕಂಪನಿ ಜಾವಾ. ತನ್ನ ಹೆಸರಿನ 'ಯಾ', ಜರ್ಮನಿಯ ವಾಂಡರರ್ ಬೈಕಿನ 'ವಾ' ಸೇರಿಸಿ ಹೆಸರಿಟ್ಟ. 1960ರ ದಶಕದ ಆರಂಭದಲ್ಲಿ ಅದರ ಗಾಡಿಗಳನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿತು. 1973ರಿಂದ ಅದೇ ಗಾಡಿ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೂ ಅಪ್ಪನ ಗ್ಯಾರೇಜಿಗೆ ಗಾಡಿಗಳು ಬರುತ್ತಲೇ ಇದ್ದವು. ಹಳೆಯ ಕಾರ್ಬೊರೇಟರ್‌ಗಳ ಮೈಮೇಲೆ 'ಜಿಕೋವ್' ಎಂದು ಉಬ್ಬಕ್ಷರದಲ್ಲಿ ಇರುತ್ತಿತ್ತು. ಸೀಮೆಎಣ್ಣೆಯಲ್ಲಿ ಅದನ್ನು ಅದ್ದಿ ತೊಳೆಯುವ ಕೆಲಸ ಭಾನುವಾರಗಳಲ್ಲಿ ನನ್ನದು. ಆ ಅಕ್ಷರಗಳ ಸಂದಿಯ ಜಿಡ್ಡನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಾ, ಇದನ್ನು ಬರೆದವರ ಊರು ಹೇಗಿರಬಹುದು ಎಂದು ಯೋಚಿಸುತ್ತಿದ್ದೆ. ಹತ್ತು ವರ್ಷದ ಹುಡುಗಿಯ ಆ ಕುತೂಹಲ ಮೂವತ್ತೈದು ದಾಟಿದ ಮೇಲೂ ಹೋಗಲಿಲ್ಲ.

ಭಾಷೆಯ ಮಾತಿಗೆ ಬರುತ್ತೇನೆ. ಕನ್ನಡಿಗರಿಗೆ ಜೆಕ್ ಕೆಲವು ಕಡೆ ಬಲು ಸಲೀಸು, ಅದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅಲ್ಲಿ ಹ್ರಸ್ವ, ದೀರ್ಘ ಬೇರೆ ಬೇರೆ. 'ಬಿತ್' ಅಂದರೆ ವಾಸದ ಮನೆ, 'ಬೀತ್' ಅಂದರೆ ಇರುವುದು. ನನ್ನ ತರಗತಿಯ ಹಲವರು ಇದರಲ್ಲೇ ತಿಣುಕುತ್ತಿದ್ದರು. 'ಕಲ್ಲು', 'ಕಾಲು' ಎಂದು ಬೆಳೆದ ನನಗೆ ಅದು ಕಷ್ಟವೇ ಅನಿಸಲಿಲ್ಲ. ನೀನು, ನೀವು ಎಂಬ ವ್ಯತ್ಯಾಸವೂ ಇದೆ. ಯಾರಿಗೆ 'ತಿ', ಯಾರಿಗೆ 'ವಿ' ಎಂಬ ಲೆಕ್ಕಾಚಾರ ನಮ್ಮದರಂತೆಯೇ, ವಯಸ್ಸು, ಪರಿಚಯ, ಸಲುಗೆ ನೋಡಿಕೊಂಡು ನಡೆಯುತ್ತದೆ.

ಇನ್ನೊಂದು ಖುಷಿ ನನ್ನ ಒಬ್ಬಳದೇ ಆಗಿತ್ತು. ಕನ್ನಡ ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ, ಬದುಕಿನಲ್ಲಿ ಬಿಡಿಯಾಗಿ ಎಂದೂ ಬಳಸದ ಅಕ್ಷರ 'ಞ'. ಚ ಛ ಜ ಝ ಎಂದು ಹೇಳುವಾಗ ಕೊನೆಗೆ ಬಂದು ಹೋಗುವ ಅತಿಥಿ. ಜೆಕ್‌ನಲ್ಲಿ ಆ ಅಕ್ಷರಕ್ಕೆ ಕೈತುಂಬ ಕೆಲಸ. 'ಏನೋ ಒಂದು' ಎನ್ನಲು 'ಞೆಟ್ಸೊ' ಎನ್ನುತ್ತಾರೆ. ಹೆಂಗಸರ ಹೆಸರಿನ ಮುಂದೆ ಶ್ರೀಮತಿಯಂತೆ ಹಚ್ಚುವ ಪದ 'ಪಞೀ'. ಋಕಾರವೂ ಹಾಗೆಯೇ. ನಾವು ಈಗ ಅದನ್ನು ರು ಎಂದೋ ರಿ ಎಂದೋ ಉಚ್ಚರಿಸುತ್ತೇವೆ. ಜೆಕ್‌ನಲ್ಲಿ ರಕಾರ ನಿಜವಾಗಿಯೂ ಸ್ವರದ ಕೆಲಸ ಮಾಡುತ್ತದೆ. ಬೆರಳು 'ಪ್ರ್‌ಸ್ತ್', ಕತ್ತು 'ಕ್ರ್‌ಕ್'. 'ಬೆರಳನ್ನು ಕತ್ತಿನೊಳಗೆ ತೂರಿಸು' ಎಂಬ ಅರ್ಥದ ಒಂದು ವಾಕ್ಯವನ್ನು ಒಂದೇ ಒಂದು ಸ್ವರಾಕ್ಷರವಿಲ್ಲದೆ ಹೇಳಿಬಿಡುತ್ತಾರೆ. ಲಕಾರವೂ ಅಷ್ಟೆ: ತೋಳ 'ವ್ಲ್‌ಕ್'. ವರ್ಣಮಾಲೆಯಿಂದ ನಾವು ಕೈಬಿಟ್ಟ 'ಌ' ಅಲ್ಲಿ ಕಾಡಿನಲ್ಲಿ ಓಡಾಡಿಕೊಂಡಿದೆ. ಈ 'ವ್ಲ್‌ಕ್' ಸಂಸ್ಕೃತದ 'ವೃಕ'ದ ಬಂಧು ಎಂದು ತಿಳಿದ ದಿನ ಹಾಸ್ಟೆಲಿಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ 'ವೃಕೋದರ' ಎಂದು ಹೇಳಿಕೊಂಡೆ. ಭೀಮನ ಹೊಟ್ಟೆಯ ತೋಳ ಮೊರಾವಿಯಾದಲ್ಲಿ ಸಿಕ್ಕಿತು. ಬಾಗಿಲು 'ದ್ವೆರ್ಝೆ', ನಮ್ಮ ದ್ವಾರ. ಮಾಂಸ 'ಮಸೊ', ಜೇನು 'ಮೆದ್', ವಿಧವೆ 'ವ್ದೊವ'. 'ದೊಬ್ರೀ ದೆನ್' ಎಂದು ನಮಸ್ಕಾರ ಹೇಳುವಾಗಲೂ ಆ ಕೊನೆಯ ಪದದಲ್ಲಿ ನಮ್ಮ 'ದಿನ' ಇದೆ.

ಅವರಿಗೇ ವಿಶಿಷ್ಟವಾದ ಒಂದು ಅಕ್ಷರವಿದೆ. 'ರ' ಮತ್ತು 'ಝ' ಒಂದೇ ಉಸಿರಲ್ಲಿ ಹುಟ್ಟಬೇಕು. ನಾಲಿಗೆಯ ತುದಿ ನಡುಗುತ್ತಿರುವಾಗಲೇ ಗಾಳಿ ಉಜ್ಜಿಕೊಂಡು ಹೋಗಬೇಕು. ಅಲ್ಲಿನ ಮಕ್ಕಳಿಗೂ ಬಹಳ ತಡವಾಗಿ ಒಲಿಯುವ ಅಕ್ಷರವಂತೆ, ಎಷ್ಟೋ ಮಕ್ಕಳನ್ನು ವಾಕ್ ಚಿಕಿತ್ಸಕರ ಬಳಿ ಕರೆದೊಯ್ಯುತ್ತಾರಂತೆ. ನಮ್ಮ ಮೇಡಂ ಅದಕ್ಕೆಂದೇ ಒಂದು ನಾಲಿಗೆ ತಿರುಚು ಕಲಿಸಿದರು: 333 ಬೆಳ್ಳಿ ಹಕ್ಕಿಗಳು 333 ಬೆಳ್ಳಿ ಛಾವಣಿಗಳ ಮೇಲೆ ಹಾರಿದವು ಎಂದು. ಹೆಚ್ಚುಕಡಿಮೆ ಪ್ರತಿ ಪದದಲ್ಲೂ ಆ ಅಕ್ಷರ ಕಾದು ಕೂತಿರುತ್ತದೆ. ಬದಲಿಗೆ ನಾನು 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ' ಹೇಳಿಕೊಟ್ಟೆ. ಇಡೀ ತರಗತಿ ಹತ್ತು ನಿಮಿಷ ಕುರಿ ಮೇಯಿಸಿತು.

ಈ ಅಕ್ಷರಗಳ ನೆತ್ತಿಯ ಮೇಲಿನ ಗುರುತಿಗೆ 'ಹಾಚೆಕ್' ಎಂದು ಹೆಸರು, ಪುಟ್ಟ ಕೊಕ್ಕೆ ಎಂದರ್ಥ. ಅದರ ಮೂಲ 15ನೇ ಶತಮಾನದ ಆರಂಭದ್ದು, ಯಾನ್ ಹುಸ್ ಬರೆದನೆಂದು ನಂಬಲಾದ ಒಂದು ಪುಟ್ಟ ಗ್ರಂಥದಲ್ಲಿದೆ. ಎರಡು ಮೂರು ಲ್ಯಾಟಿನ್ ಅಕ್ಷರ ಒಟ್ಟಿ ಬರೆಯುವ ಬದಲು ಒಂದಕ್ಷರದ ಮೇಲೆ ಒಂದು ಚುಕ್ಕೆ ಸಾಕು ಎಂಬುದು ಅದರ ತಿರುಳು. ಆ ಚುಕ್ಕೆಯೇ ಕಾಲಕ್ರಮದಲ್ಲಿ ಕೊಕ್ಕೆಯಾಯಿತು. ಹುಸ್ ಪ್ರಾಗ್‌ನಲ್ಲಿ ಜನರಿಗೆ ಅವರ ಮಾತಿನಲ್ಲೇ ಧರ್ಮೋಪದೇಶ ಮಾಡಿದವನು. 1415ರ ಜುಲೈ 6ರಂದು ಅವನನ್ನು ಧರ್ಮದ್ರೋಹಿ ಎಂದು ಸುಟ್ಟರು. ಆ ದಿನ ಅಲ್ಲಿ ಈಗಲೂ ಸರ್ಕಾರಿ ರಜೆ.

ಎರಡು ಶತಮಾನಗಳ ನಂತರ ಬಂದ ಪೆಟ್ಟು ಇನ್ನೂ ದೊಡ್ಡದು. 1620ರ ನವೆಂಬರ್ 8ರಂದು ಪ್ರಾಗ್ ಹೊರವಲಯದ ಬಿಳಿ ಬೆಟ್ಟದಲ್ಲಿ, ದಂಗೆಯೆದ್ದ ಜೆಕ್ ಸೇನೆ ಜರ್ಮನ್ ನುಡಿಯ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರಿಗೆ ಸೋತಿತು. ಮುಂದಿನ ವರ್ಷ ದಂಗೆಯ 27 ಮುಖಂಡರಿಗೆ ಮರಣದಂಡನೆಯಾಯಿತು. ಪ್ರಾಗ್‌ನ ಹಳೆಯ ಚೌಕದಲ್ಲಿ ನೆಲಹಾಸಿನ ಕಲ್ಲುಗಳ ನಡುವೆ 27 ಬಿಳಿ ಶಿಲುಬೆ ಗುರುತುಗಳಿವೆ, ಸುತ್ತಾಟದ ದಿನ ಅವುಗಳನ್ನು ದಾಟದೆ ಬಳಸಿಕೊಂಡು ಹೋದೆ. ನಂತರದ ದಿನಗಳಲ್ಲಿ ಜರ್ಮನ್ ಮೇಲೇರಿತು. 18ನೇ ಶತಮಾನದ ಕೊನೆಯ ಹೊತ್ತಿಗೆ ಕಚೇರಿ, ಕಾಲೇಜು, ದೊಡ್ಡ ಮನೆಗಳ ಮಾತು ಜರ್ಮನ್. ಜೆಕ್ ಉಳಿದದ್ದು ಹೊಲದಲ್ಲಿ, ಅಡುಗೆಮನೆಯಲ್ಲಿ, ಕುದುರೆ ಲಾಯದಲ್ಲಿ. ಜೆಕ್ ವ್ಯಾಕರಣವನ್ನು ಶಾಸ್ತ್ರೀಯವಾಗಿ ಬರೆದ ಯೊಸೆಫ್ ದೊಬ್ರೊವ್ಸ್ಕಿ ಕೂಡ ಅದನ್ನು ಬರೆದದ್ದು ಜರ್ಮನ್‌ನಲ್ಲಿ. ನಾನು ಓದುತ್ತಿದ್ದ ವಿಶ್ವವಿದ್ಯಾಲಯ ಯಾರ ಹೆಸರನ್ನು ಹೊತ್ತಿದೆಯೋ ಆ ಇತಿಹಾಸಕಾರ ಫ್ರಾಂಟಿಶೆಕ್ ಪಲಾಟ್ಸ್ಕಿ ತನ್ನ ನಾಡಿನ ಚರಿತ್ರೆಯ ಮೊದಲ ಸಂಪುಟವನ್ನು 1836ರಲ್ಲಿ ಪ್ರಕಟಿಸಿದ್ದೂ ಜರ್ಮನ್‌ನಲ್ಲೇ. 1848ರಿಂದ ಅದು ಜೆಕ್‌ನಲ್ಲಿ ಹೊರಬರತೊಡಗಿತು.

ನನ್ನನ್ನು ಹಿಡಿದು ನಿಲ್ಲಿಸಿದವನು ಯೊಸೆಫ್ ಯುಂಗ್‌ಮನ್. 1835ರಿಂದ 1839ರವರೆಗೆ ಐದು ಸಂಪುಟಗಳಲ್ಲಿ ಜೆಕ್–ಜರ್ಮನ್ ನಿಘಂಟು ಹೊರತಂದ ಮೇಷ್ಟ್ರು. ಹಳ್ಳಿಯವರ ಮಾತು, ಹಳೆಯ ಹಸ್ತಪ್ರತಿಗಳ ಮಾತು ಎಲ್ಲವನ್ನೂ ಗುಡ್ಡೆ ಹಾಕಿದ. ಸಾಲದ್ದಕ್ಕೆ ಪೋಲಿಷ್, ರಷ್ಯನ್ ಭಾಷೆಗಳಿಂದ ತಂದು ಜೆಕ್ ಮೈಗೆ ಹೊಂದಿಸಿದ. ಗಾಳಿಗೆ ಈಗ ಎಲ್ಲರೂ ಹೇಳುವ 'ವ್ಜ್ದುಖ್', ಪ್ರಕೃತಿಗೆ ಹೇಳುವ 'ಪ್ರ್ಝೀರೊದ' ಆ ಕಾಲದಲ್ಲಿ ರಷ್ಯನ್‌ನಿಂದ ಬಂದು ಮನೆಯವಾದ ಪದಗಳು. ಇದನ್ನು ಕೇಳುತ್ತಾ ನನಗೆ ಗಂಟಲು ಕಟ್ಟಿತು. ಉಸಿರಾಡುವ ಗಾಳಿಗೂ ಪದ ಹುಡುಕಿಕೊಂಡು ಬರಬೇಕಾದ ಸ್ಥಿತಿಯಿಂದ ಎದ್ದ ಭಾಷೆಯಲ್ಲಿ ಇಂದು ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು ಎಲ್ಲವನ್ನೂ ಕಲಿಸುತ್ತಾರೆ. ಆಡುವವರ ಸಂಖ್ಯೆ ಒಂದು ಕೋಟಿ ಚಿಲ್ಲರೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯಾದವರು ನಾಲ್ಕು ಕೋಟಿಗೂ ಹೆಚ್ಚು. ನಾವು ಚಿಕ್ಕವರು, ನಮ್ಮಿಂದ ಆಗದು ಎಂಬ ಮಾತನ್ನು ನಾನು ಇನ್ನು ಒಪ್ಪಲಾರೆ.

ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದ ಕತೆಯನ್ನೂ ಇಲ್ಲೇ ಹೇಳಬೇಕು. ಜೆಕ್ ನಾಟಕಗಳಿಗೆಂದು ಜನರಿಂದ ವಂತಿಗೆ ಎತ್ತಿ ಕಟ್ಟಿದ ಕಟ್ಟಡ. 1881ರ ಜೂನ್‌ನಲ್ಲಿ ತೆರೆಯಿತು, ಆಗಸ್ಟ್ 12ರಂದು ಬೆಂಕಿ ಬಿದ್ದು ಸುಟ್ಟುಹೋಯಿತು. ಜನ ಮತ್ತೆ ಕೊಟ್ಟರು, 47 ದಿನಗಳಲ್ಲಿ ಹತ್ತು ಲಕ್ಷ ಗುಲ್ಡನ್ ಕೂಡಿತು. 1883ರ ನವೆಂಬರ್ 18ರಂದು ಮರಳಿ ತೆರೆಯಿತು. ವೇದಿಕೆಯ ಮೇಲ್ಗಡೆ ಚಿನ್ನದ ಬಣ್ಣದಲ್ಲಿ 'ನಾರೊದ್ ಸೊಬ್ಯೆ' ಎಂದು ಬರೆದಿದೆ. ಜನರು, ತಮಗೆ ತಾವೇ. ಆ 'ತಮಗೆ' ಚತುರ್ಥೀ ವಿಭಕ್ತಿ.

ಹೌದು, ವಿಭಕ್ತಿಗಳು. ಜೆಕ್‌ನಲ್ಲಿ ಏಳು. ಹೊರಗಿನವರು ಬೆದರುವುದು ಇಲ್ಲೇ. ಹದಿನಾಲ್ಕು ಮಾದರಿ ನಾಮಪದಗಳಿವೆ, ಪ್ರತಿಯೊಂದಕ್ಕೂ ಏಕವಚನದಲ್ಲಿ ಏಳು, ಬಹುವಚನದಲ್ಲಿ ಏಳು ರೂಪ. ನಮ್ಮಲ್ಲಿ ಮನೆಯನ್ನು, ಮನೆಯಿಂದ, ಮನೆಗೆ ಎಂದು ಪ್ರತ್ಯಯ ಬಿಡಿಬಿಡಿಯಾಗಿ ಅಂಟುತ್ತದೆ. ಅಲ್ಲಿ ಪದದ ಬಾಲವೇ ಲಿಂಗ, ವಚನ, ವಿಭಕ್ತಿ ಮೂರನ್ನೂ ನುಂಗಿ ಬೇರೆ ಆಕಾರ ತಾಳುತ್ತದೆ. ನಾನು ಹೈಸ್ಕೂಲಿನ ಹಳೆಯ ದಾರಿ ಹಿಡಿದೆ. 'ಉ, ಅನ್ನು, ಇಂದ, ಗೆ ಇಗೆ ಕ್ಕೆ, ದೆಸೆಯಿಂದ, ಅ, ಅಲ್ಲಿ' ಎಂದು ಗಿಳಿಪಾಠ ಒಪ್ಪಿಸಿದ ರಾಗದಲ್ಲೇ ಜೆಕ್ ರೂಪಗಳನ್ನು ಬಾಯಿಗೆ ಹತ್ತಿಸಿಕೊಂಡೆ. ಅಲ್ಲಿನ ಶಾಲೆಗಳಲ್ಲೂ ಹೀಗೆ ರಾಗವಾಗಿಯೇ ಹೇಳಿಸುತ್ತಾರೆ, ಒಂದೊಂದು ವಿಭಕ್ತಿಗೂ ಒಂದೊಂದು ಪ್ರಶ್ನೆ: ಯಾರು, ಯಾರಿಲ್ಲದೆ, ಯಾರ ಕಡೆಗೆ, ಯಾರನ್ನು ಕಾಣುತ್ತೇನೆ. ಐದನೆಯದಕ್ಕೆ ಬಂದಾಗ ಪ್ರಶ್ನೆ ಇಲ್ಲ. 'ಒಸ್ಲೊವುಯೆಮೆ, ವೊಲಾಮೆ' ಎನ್ನುತ್ತಾರೆ. ಸಂಬೋಧಿಸುತ್ತೇವೆ, ಕರೆಯುತ್ತೇವೆ. ನಮ್ಮ ಪಟ್ಟಿಯಲ್ಲಿ ಸಂಬೋಧನೆ ಲೆಕ್ಕದಿಂದ ಹೊರಗೆ ಕೊನೆಯಲ್ಲಿ ನಿಂತಿರುತ್ತದೆ. ಅವರದರಲ್ಲಿ ಅದು ಸಾಲಿನ ನಡುವೆ, ಸಂಖ್ಯೆ ಪಡೆದು ಕೂತಿದೆ. ಆ ಐದನೆಯದೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

ಒಂದು ಪದದ ಬಗ್ಗೆ ಹೇಳದಿದ್ದರೆ ಸಮಾಧಾನವಿಲ್ಲ. 'ರೋಬೋಟ್' ಎಂದು ನಾವೆಲ್ಲ ಆಡುವ ಪದ ಜೆಕ್‌ನದು. ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕಕ್ಕಾಗಿ ಅವನ ಅಣ್ಣ ಯೊಸೆಫ್ ಸೂಚಿಸಿದ್ದು. ಮೂಲ 'ರೊಬೊತ'. ಒಡೆಯನ ಹೊಲದಲ್ಲಿ ವಾರದಲ್ಲಿ ಇಂತಿಷ್ಟು ದಿನ ರೈತ ಕೂಲಿಯಿಲ್ಲದೆ ದುಡಿಯಬೇಕಾದ ಪದ್ಧತಿ ಅದು, 1848ರಲ್ಲಿ ರದ್ದಾಯಿತು. ಪುಸ್ತಕದ ಇಂಗ್ಲಿಷ್ ವಿವರಣೆ ಅರ್ಧ ಪುಟವಿತ್ತು. ನಾನು ಅಂಚಿನಲ್ಲಿ 'ಬಿಟ್ಟಿ ಚಾಕರಿ' ಎಂದು ಬರೆದುಕೊಂಡು ಮುಂದಿನ ಪುಟಕ್ಕೆ ಹೋದೆ.

ಊಟದ ವಿಷಯಕ್ಕೆ ಚಿಂತೆ ಬೇಡ. ಬೆಣ್ಣೆ, ಗಸಗಸೆ, ಸಕ್ಕರೆ ಉದುರಿಸಿದ ಹಣ್ಣಿನ ಕಡುಬು ಸಿಗುತ್ತದೆ. ಲೊಶ್ಟಿಟ್ಸೆ ಎಂಬ ಹತ್ತಿರದ ಊರಿನ ಚೀಸ್ ಒಂದು ಮಾತ್ರ ವಾಸನೆಗೇ ಪ್ರಸಿದ್ಧ, ಪೊಟ್ಟಣ ಬಿಚ್ಚುವ ಮೊದಲೇ ಗೊತ್ತಾಗುತ್ತದೆ.

ಒಲೊಮೌಟ್ಸ್ ಪುರಭವನದ ಗೋಡೆಯಲ್ಲಿ ಖಗೋಳ ಗಡಿಯಾರವಿದೆ. ಹಳೆಯದು 1945ರ ಮೇ ತಿಂಗಳಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ ಹಾಳಾಯಿತು. 1950ರ ದಶಕದಲ್ಲಿ ಕಮ್ಯುನಿಸ್ಟ್ ಆಡಳಿತ ಅದನ್ನು ಮರುನಿರ್ಮಿಸಿದಾಗ ಸಂತರ, ರಾಜರ ಜಾಗದಲ್ಲಿ ದುಡಿಯುವವರನ್ನು ನಿಲ್ಲಿಸಿತು. ಮಧ್ಯಾಹ್ನ ಹನ್ನೆರಡಕ್ಕೆ ಕೆಲಸಗಾರರ ಬೊಂಬೆಗಳು ಮೆರವಣಿಗೆ ಹೋಗುತ್ತವೆ. ಅದನ್ನು ಕಂಡು ತಲೆಯಲ್ಲಾಡಿಸುವ ಊರವರಿದ್ದಾರೆ. ಅವರ ನೋವಿಗೆ ಕಾರಣವಿದೆ. ಆದರೂ ಗ್ಯಾರೇಜಿನಲ್ಲಿ ಬೆಳೆದ ನಾನು ಬೇಡವೆಂದರೂ ಬಿಸಿಲಲ್ಲಿ ನಿಂತು ನೋಡುತ್ತಿದ್ದೆ.

ಮೂರನೇ ವಾರ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಒಂದು ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಕಡುಗೆಂಪು ಬಣ್ಣದ 250 ಸಿಸಿ ಗಾಡಿ. ದಂತದ ಬಣ್ಣದ ಗೆರೆ ಎಳೆದ ಟ್ಯಾಂಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ನೀಲಿ ಕೆಲಸದ ಬಟ್ಟೆ ತೊಟ್ಟ ಹಿರಿಯರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ಅವರು ನನ್ನನ್ನು ನೋಡಿ, ಗಾಡಿಯನ್ನು ನೋಡಿ, "ಯಾವ" ಅಂದರು. ನನಗೆ ಕನ್ನಡದ ಪ್ರಶ್ನೆಯಂತೆಯೇ ಕೇಳಿಸಿತು. ಯಾವ ಊರು, ಯಾವ ಮನೆಯವಳು ಎಂದು ಕೇಳಿದಂತೆ. ಜೆಕ್‌ನಲ್ಲಿ ಜಕಾರ ಬರೆದರೆ ಯಕಾರ ಓದಬೇಕು ಎಂದು ಮೊದಲ ವಾರವೇ ಕಲಿತಿದ್ದೆ, ಆದರೂ ಒಂದು ಕ್ಷಣ ತಡವಾಯಿತು. ಅವರು ಹೇಳಿದ್ದು ಜಾವಾ.

ಕೈಗೆ ಸಿಕ್ಕ ವಿಭಕ್ತಿಗಳನ್ನೆಲ್ಲ ಜೋಡಿಸಿ ಹೇಳಿದೆ: ನನ್ನ ಅಪ್ಪ ಮೆಕ್ಯಾನಿಕ್, ಭಾರತದಲ್ಲಿ, ಮೈಸೂರಿನಲ್ಲಿ, ಇದೇ ಗಾಡಿ. ಅವರು ನಂಬದೆ ಮತ್ತೆ ಹೇಳಿಸಿದರು. ಆಮೇಲೆ ಎದ್ದು ಇನ್ನೊಂದು ಸ್ಟೂಲು ಎಳೆದರು. ಈ ಮಾದರಿಗೆ ಅಲ್ಲಿ 'ಕೀವಾಚ್ಕ' ಎಂದು ಮುದ್ದಿನ ಹೆಸರು, ತೂಗಾಡುವವಳು ಎಂಬ ಅರ್ಥ, ಹಿಂದಿನ ಚಕ್ರದ ಸಸ್ಪೆನ್ಷನ್ ನೋಡಿ ಇಟ್ಟದ್ದು.

ಮರುದಿನದಿಂದ ಸಂಜೆ ಅಲ್ಲಿಗೇ ಹೋಗುತ್ತಿದ್ದೆ. ತರಗತಿಯಲ್ಲಿ ಕಲಿಯದ ಎಷ್ಟೋ ವಿಷಯ ಅಲ್ಲಿ ಸಿಕ್ಕಿತು. 1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ಸೇನೆಗಳು ನುಗ್ಗಿದಾಗ ಅವರು ಚಿಕ್ಕ ಹುಡುಗ. ದೊಡ್ಡವರು ರಸ್ತೆಯ ದಾರಿಫಲಕಗಳಿಗೆ ಬಣ್ಣ ಬಳಿದು, ಊರ ಹೆಸರು ಅಳಿಸಿ, ಟ್ಯಾಂಕುಗಳಿಗೆ ದಾರಿ ತಪ್ಪಿಸಲು ನೋಡಿದ್ದನ್ನು ಹೇಳಿದರು. ಸೋವಿಯತ್ ಪಡೆ ಹೊರಟುಹೋದದ್ದು 1991ರಲ್ಲಿ. "ಅಜ್ಜನಿಗೆ ಜರ್ಮನ್ ಕಲಿಸಿದರು, ನನಗೆ ರಷ್ಯನ್ ಕಲಿಸಿದರು. ನಮ್ಮದನ್ನು ಕಲಿಯಲು ಬಂದವರು ಕಡಿಮೆ" ಎಂದರು. ಅದನ್ನು ಹೇಳುವಾಗ ಅವರು ನಿಧಾನವಾಗಿ, ಪ್ರತಿ ಪದದ ಬಾಲವೂ ನನಗೆ ಕೇಳಿಸುವಂತೆ ಮಾತಾಡಿದರು.

ಹೊರಡುವ ಹಿಂದಿನ ಸಂಜೆ ಐದಕ್ಕೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮೈಸೂರಿನಲ್ಲಿ ಆಗ ರಾತ್ರಿ ಎಂಟೂವರೆ. ಫೋನನ್ನು ಗಾಡಿಯ ಕಡೆ ತಿರುಗಿಸಿದೆ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಸುಮ್ಮನೆ ನೋಡಿದರು.

"ಸ್ಟಾರ್ಟ್ ಮಾಡೋಕೆ ಹೇಳು ಪುಟ್ಟಿ."

ಆ ಗಾಡಿಯಲ್ಲಿ ಕಿಕ್ಕರು, ಗೇರು ಎರಡೂ ಒಂದೇ ಲಿವರ್. ಎಡಗಡೆ ಇರುವ ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಹಿರಿಯರು ಪಾದದಲ್ಲೇ ಅದನ್ನು ಒತ್ತಿ, ತಿರುಗಿಸಿ, ಒದ್ದು, ಮಡಚಿದರು. ಅಪ್ಪನ ಪಾದವೂ ಹೀಗೆಯೇ ಮಾಡುತ್ತಿತ್ತು, ಕಣ್ಣಿನಿಂದ ನೋಡದೆ. ಹೊಗೆ ಎದ್ದಿತು, ಶೆಡ್ಡಿನ ತಗಡು ಅದುರಿತು. ಅಪ್ಪ ಫೋನನ್ನು ಕಿವಿಗೆ ಹಿಡಿದಿದ್ದರಿಂದ ಪರದೆಯ ತುಂಬ ಅವರ ಕಿವಿ, ಬಿಳಿ ಕೂದಲು.

"ಐಡ್ಲಿಂಗಲ್ಲಿ ಮಿಸ್ ಹೊಡೀತಾ ಇದೆ. ಪಾಯಿಂಟ್ ಗ್ಯಾಪ್ ನೋಡ್ಬೇಕು ಅಂತ ಹೇಳು."

ಇದನ್ನು ಜೆಕ್‌ನಲ್ಲಿ ಹೇಳಬೇಕು. ನನಗೆ ಪಾಯಿಂಟ್ ಗೊತ್ತಿಲ್ಲ, ಗ್ಯಾಪ್ ಗೊತ್ತಿಲ್ಲ. "ತತೀನೆಕ್ ರ್ಝೀಕಾ," ಅಪ್ಪ ಹೇಳ್ತಾರೆ, ಎಂದು ಶುರುಮಾಡಿ ಕಿಡಿ, ಬೆಂಕಿ, ಸಣ್ಣ ಜಾಗ ಎಂದೆಲ್ಲ ಬೆರಳಲ್ಲೂ ಮಾತಲ್ಲೂ ತೋರಿಸಿದೆ. ಹಿರಿಯರ ಹುಬ್ಬು ಮೇಲೇರಿತು. "ಜಪಲೊವಾಞೀ!" ಅಂದರು. ಹೊತ್ತಿಸುವುದು, ಅಂದರೆ ಇಗ್ನಿಷನ್. ನಾನು ಕಲಿತ ಕೊನೆಯ ಪದ ಅದು. ಅವರು ಇಂಜಿನ್ ಆರಿಸಿ, ಪಕ್ಕದ ಕವರು ಬಿಚ್ಚಿ, ಟಾರ್ಚ್ ಹಿಡಿದು ಬಗ್ಗಿ ನೋಡಿದರು. ಫೀಲರ್ ಗೇಜಿನ ತೆಳ್ಳನೆ ಎಲೆ ಆರಿಸಿ ಒಳಗೆ ತೂರಿಸಿದರು, ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಬಿಗಿದರು.

ಎರಡನೇ ಸಲ ಒದ್ದಾಗ ಶಬ್ದ ಸಮನಾಗಿ, ಒಂದೇ ಹದದಲ್ಲಿ ಬಂತು. ಅವರು ಕೈ ಒರೆಸಿಕೊಂಡು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಪರದೆಯೊಳಗಿನ ಅಪ್ಪನನ್ನು ನೋಡಿ, ಇಂಜಿನ್ ಶಬ್ದದ ಮೇಲೆ ಗಟ್ಟಿಯಾಗಿ, ಐದನೇ ವಿಭಕ್ತಿಯಲ್ಲಿ, ಪೂರ್ತಿ ಮರ್ಯಾದೆ ಕೊಟ್ಟು ಕೂಗಿದರು:

"ಪನೆ ಮೆಖನಿಕು!"

ಮೆಕ್ಯಾನಿಕರೇ. ಅಪ್ಪನಿಗೆ ಜೆಕ್ ಬರುವುದಿಲ್ಲ.

"ಓ" ಅಂದರು.